ಒಂದೇ ಅಡುಗೆ, ಎರಡು ಥರದ ಹಸಿವು

"ಇಬ್ಬರಿಗೂ ನನ್ನ ಕೈ ಅಡುಗೆನೇ ಮೇಡಂ. ಇವನೊಬ್ಬ ಯಾಕೆ ಹೀಗೆ?" ಹತ್ತು ವರ್ಷದ ದೊಡ್ಡ ಮಗನನ್ನು ಪಕ್ಕ ಕೂರಿಸಿಕೊಂಡು ತಾಯಿ ಕೇಳಿದರು. ಹೊಟ್ಟೆ ತುಂಬ ಮುದ್ದೆ ಉಂಡು ಅರ್ಧ ಗಂಟೆ ಆಗಿರಲ್ಲ, ಚಕ್ಕುಲಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳುತ್ತದಂತೆ. ತಮ್ಮ ಅದೇ ಡಬ್ಬದ ಪಕ್ಕ ಕೂತು ಹೋಮ್‌ವರ್ಕ್ ಮಾಡುತ್ತಾನೆ, ಕೈ ಹಾಕುವುದಿಲ್ಲ. "ಬಾಯಿಚಪಲ" ಅಂತ ಅಜ್ಜಿ ಬೈದರು. ಹುಡುಗ ತಲೆ ಎತ್ತಲಿಲ್ಲ.

ಡಯಟಿಷಿಯನ್ ಆದ ನನಗೆ ಈ ಮಾತು ಕೇಳಿದಾಗೆಲ್ಲ ಸಂಕಟವಾಗುತ್ತದೆ. ಬಾಯಿಚಪಲ ಅಂತೀವಲ್ಲ, ಅದರಲ್ಲಿ ಒಂದು ಪಾಲು ಹುಟ್ಟಿನಿಂದಲೇ ಬಂದಿರುತ್ತದೆ.

ಎಫ್‌ಟಿಒ ಅನ್ನೋ ಜೀನ್‌ಗೂ ತೂಕಕ್ಕೂ ನಂಟಿದೆ ಅಂತ 2007ರಲ್ಲಿ ಗೊತ್ತಾಯಿತು. ಅದರ ಒಂದು ರೂಪ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿದ್ದರೆ ತೂಕ ಸರಾಸರಿ 3 ಕೆಜಿ ಜಾಸ್ತಿ. ಬ್ರಿಟನ್ನಿನಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ಊಟ ಆದಮೇಲೆ ಬಿಸ್ಕತ್ತು ಇಟ್ಟು ನೋಡಿದರು. ಈ ರೂಪ ಇಲ್ಲದ ಮಕ್ಕಳು ಬೇಗ ಸಾಕು ಅಂದರು. ಉಳಿದವರು ತಿಂದರು.

ರುಚಿಯ ಕಥೆ ಇನ್ನೂ ಸ್ವಾರಸ್ಯ. 2016ರಲ್ಲಿ ಕೇಂಬ್ರಿಡ್ಜ್‌ನವರು ಮೂರು ಥರ ಚಿಕನ್ ಕುರ್ಮಾ ಮಾಡಿಸಿದರು. ನೋಡೋಕೆ, ತಿನ್ನೋಕೆ ಮೂರೂ ಒಂದೇ. ಕೊಬ್ಬು ಮಾತ್ರ ಬೇರೆ ಬೇರೆ. ಹಸಿವನ್ನು ಹತೋಟಿಯಲ್ಲಿಡುವ ಎಂಸಿ4ಆರ್ ಅನ್ನೋ ಜೀನ್‌ನಲ್ಲಿ ದೋಷ ಇದ್ದವರು, ಸಣ್ಣಗಿದ್ದವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಜಿಡ್ಡಿನ ಕುರ್ಮಾ ತಿಂದರು. ಸಿಹಿಯ ಸರದಿ ಬಂದಾಗ ಅವರೇ ಕಡಿಮೆ ತಿಂದರು! ಯಾವುದರಲ್ಲಿ ಜಿಡ್ಡು ಜಾಸ್ತಿ ಅಂತ ನಾಲಿಗೆಗೆ ತಿಳಿಯದಿದ್ದರೂ ಮಿದುಳಿಗೆ ತಿಳಿದಿತ್ತು.

ಈ ದೋಷ ಅಪರೂಪ. ಹಾಗಾಗಿ ಸುಮ್ನೆ ಜೀನ್ ಟೆಸ್ಟ್ ಮಾಡಿಸಬೇಡಿ. ಐದು ವರ್ಷದೊಳಗೇ ತೂಕ ವಿಪರೀತ ಏರಿ, ಎಷ್ಟು ಉಂಡರೂ ಮಗು ಹಸಿವು ಅಂತಿದ್ದರೆ ಮಾತ್ರ ಹಾರ್ಮೋನ್ ತಜ್ಞರಿಗೆ ತೋರಿಸಿ.

ಈ ಹುಡುಗನ ತೂಕ ಏರಿದ್ದು ಈಚೆಗೆ, ಎರಡು ವರ್ಷದಿಂದ. ಸಂಜೆಯ ಆಟ ನಿಂತು ಟ್ಯೂಷನ್ ಶುರುವಾದ ಮೇಲೆ. ಮೈ ದಣಿಸುವ ದೊಡ್ಡವರಲ್ಲಿ ಎಫ್‌ಟಿಒ ಪ್ರಭಾವ ಸುಮಾರು 27% ತಗ್ಗಿದ್ದನ್ನು 2011ರಲ್ಲೇ ಲೆಕ್ಕ ಹಾಕಿದ್ದಾರೆ. ಮಕ್ಕಳಿಗೆ ಅದೇ ಲೆಕ್ಕ ಅಂತ ಹೇಳಲಾರೆ, ಆದರೆ ಆಟ ಬೇಕೇ ಬೇಕು ಅಲ್ವಾ? ಟ್ಯೂಷನ್ ಬೆಳಗ್ಗೆಗೆ ಹಾಕಿ, ಸಂಜೆ ಬಯಲಿಗೆ ಬಿಡಿ ಅಂದೆ. ಡಬ್ಬ ಅಟ್ಟಕ್ಕೆ ಹೋಗಲಿ, ಶನಿವಾರ ಇಳಿಸಿ ಇಬ್ಬರಿಗೂ ಸಮನಾಗಿ ಕೊಡಿ ಅಂದೆ. ಇವನಿಗೊಂದು, ತಮ್ಮನಿಗೊಂದು ಅಂತ ತಟ್ಟೆ ಬೇರೆ ಮಾಡಬೇಡಿ ಅಂತ ಅಜ್ಜಿಗೆ ಕೈಮುಗಿದು ಕೇಳಿಕೊಂಡೆ.