ಕೋರೋಪ್ಲೆತ್ ನಕ್ಷೆ: ದೇಶಕ್ಕೊಂದು ಬಣ್ಣ ಬಳಿದಾಗ ಏನಾಗುತ್ತದೆ?

ಪ್ರಪಂಚದ ಭೂಪಟ. ಕೆಲವು ದೇಶ ಕಡುಗೆಂಪು, ಕೆಲವು ತಿಳಿಗೆಂಪು, ಅಲ್ಲಲ್ಲಿ ಬೂದು. ಮೇಲೆ 'ಯಾವ ದೇಶದವರು ಜಾಸ್ತಿ ವರ್ಷ ಬದುಕುತ್ತಾರೆ' ಅಂತಲೋ, 'ಇಂಟರ್ನೆಟ್ ಎಲ್ಲಿ ವೇಗವಾಗಿದೆ' ಅಂತಲೋ ಒಂದು ತಲೆಬರಹ. ಫೋನು ಹಿಡಿದರೆ ಇಂಥ ನಕ್ಷೆ ಒಂದಾದರೂ ಕಣ್ಣಿಗೆ ಬೀಳುತ್ತದೆ, ಅಲ್ವಾ? ಇದರ ಹೆಸರು ಕೋರೋಪ್ಲೆತ್ ನಕ್ಷೆ. ಗಡಿ ಇರುವ ಪ್ರದೇಶಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಒಂದು ಅಂಕಿ ಹಚ್ಚಿ. ಆ ಅಂಕಿಗೆ ತಕ್ಕ ಬಣ್ಣವನ್ನು ಗಡಿಯಿಂದ ಗಡಿಯವರೆಗೂ ಬಳಿಯಿರಿ. ಕೋರೋಪ್ಲೆತ್ ಅಂದರೆ ಇಷ್ಟೇ. ಆ ಪ್ರದೇಶ ದೇಶವೂ ಆಗಬಹುದು, ಜಿಲ್ಲೆಯೂ ಆಗಬಹುದು, ಮತಕ್ಷೇತ್ರವೂ ಆಗಬಹುದು.

ಈ ಉಪಾಯಕ್ಕೆ ಸುಮಾರು 200 ವರ್ಷ ವಯಸ್ಸು. 1826ರಲ್ಲಿ ಫ್ರಾನ್ಸಿನ ಶಾರ್ಲ್ ದ್ಯುಪ್ಯಾಂ ತನ್ನ ದೇಶದ ಆಡಳಿತ ವಿಭಾಗಗಳನ್ನು ಬಿಳಿಯಿಂದ ಕಪ್ಪಿನವರೆಗೆ ಬೇರೆ ಬೇರೆ ಛಾಯೆಗಳಲ್ಲಿ ತುಂಬಿಸಿದರು. ಶಾಲೆಗೆ ಹೋಗುವ ಹುಡುಗರು ಎಲ್ಲಿ ಕಡಿಮೆಯೋ ಅಲ್ಲಿ ಕಪ್ಪು ಜಾಸ್ತಿ. ನೋಡಿದರೆ ಉತ್ತರ ಮತ್ತು ಈಶಾನ್ಯ ಭಾಗ ಬೆಳ್ಳಗೆ, ಉಳಿದದ್ದು ಕಪ್ಪಗೆ. ವಾಯವ್ಯದ ಸ್ಯಾಂ-ಮಾಲೋದಿಂದ ಜಿನೀವಾದವರೆಗೆ ಒಂದು ಗೆರೆ ಎಳೆದು ದೇಶವನ್ನೇ ಎರಡು ಮಾಡಿದಂತಿತ್ತು. ಆ ಗೆರೆಯ ಮೇಲೆ ಫ್ರೆಂಚರು ದಶಕಗಟ್ಟಲೆ ಚರ್ಚೆ ಮಾಡಿದರು. ಕೋಷ್ಟಕದಲ್ಲಿ ಅದೇ ಅಂಕಿಗಳನ್ನು ಅಚ್ಚು ಹಾಕಿದ್ದರೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಅನ್ನಿಸುತ್ತದೆ. ಬಣ್ಣಕ್ಕೆ ಆ ಶಕ್ತಿ ಇದೆ. ಕೋರೋಪ್ಲೆತ್ ಎಂಬ ಹೆಸರು ಬಂದದ್ದು ಮಾತ್ರ ಬಹಳ ತಡವಾಗಿ, 1938ರಲ್ಲಿ. ಇಟ್ಟವರು ಅಮೆರಿಕದ ಭೂಗೋಳ ತಜ್ಞ ಜಾನ್ ಕರ್ಟ್‌ಲಂಡ್ ರೈಟ್.

ಈ ನಕ್ಷೆಯ ಮುಖ್ಯ ತೊಡಕು ಒಂದೇ. ಅಂಕಿ ಇರುವುದು ಜನರ ಬಗ್ಗೆ, ಬಣ್ಣ ಬೀಳುವುದು ನೆಲದ ಮೇಲೆ.

ಮಂಗೋಲಿಯ ಮತ್ತು ಬಾಂಗ್ಲಾದೇಶವನ್ನು ಪಕ್ಕಪಕ್ಕ ಇಟ್ಟು ನೋಡಿ. ಮಂಗೋಲಿಯದ ವಿಸ್ತೀರ್ಣ ಸುಮಾರು 15.6 ಲಕ್ಷ ಚದರ ಕಿ.ಮೀ. ಅಲ್ಲಿರುವ ಜನ ಸುಮಾರು 35 ಲಕ್ಷ. ಬಾಂಗ್ಲಾದೇಶ ಸುಮಾರು 1.48 ಲಕ್ಷ ಚದರ ಕಿ.ಮೀ. ಜನ 17 ಕೋಟಿ. ನಕ್ಷೆಯಲ್ಲಿ ಮಂಗೋಲಿಯಕ್ಕೆ ಹತ್ತು ಪಟ್ಟು ಜಾಸ್ತಿ ಬಣ್ಣ, ಬಾಂಗ್ಲಾದೇಶದಲ್ಲಿ 48 ಪಟ್ಟು ಜಾಸ್ತಿ ಜನ. ತಲಾ ಆದಾಯವನ್ನೋ ಅಕ್ಷರಸ್ಥರ ಪ್ರಮಾಣವನ್ನೋ ತೋರಿಸುವಾಗ ನಮ್ಮ ಕಣ್ಣು ದೊಡ್ಡ ಬಣ್ಣದ ಕಡೆಗೇ ಓಡುತ್ತದೆ. 'ಪ್ರಪಂಚದ ಬಹುಪಾಲು ಹೀಗಿದೆ' ಅಂತ ತೀರ್ಮಾನ ಮಾಡಿಬಿಡುತ್ತೇವೆ. ಆ ಬಹುಪಾಲು ನೆಲದ್ದು, ಜನರದ್ದಲ್ಲ. ರಷ್ಯ ಮತ್ತು ನೈಜೀರಿಯದ ಕಥೆಯೂ ಹಾಗೇ. ರಷ್ಯ 18 ಪಟ್ಟು ದೊಡ್ಡದು, ಆದರೆ ಜನ ಜಾಸ್ತಿ ಇರುವುದು ನೈಜೀರಿಯದಲ್ಲಿ. ಇನ್ನು ಸಿಂಗಪುರ? ಸುಮಾರು 60 ಲಕ್ಷ ಜನರಿರುವ ದೇಶ ವಿಶ್ವ ನಕ್ಷೆಯಲ್ಲಿ ಒಂದು ಚುಕ್ಕಿಯಷ್ಟೂ ಕಾಣುವುದಿಲ್ಲ. ಮನಸ್ಸಿಟ್ಟು ಕೆಲಸ ಮಾಡುವವರು ಇಂಥ ಪುಟ್ಟ ದೇಶಗಳ ಜಾಗದಲ್ಲಿ ಸಣ್ಣ ವೃತ್ತ ಬರೆದು ಅದಕ್ಕೆ ಬಣ್ಣ ತುಂಬುತ್ತಾರೆ. ಇದನ್ನು ಮಾಡಿರುವ ನಕ್ಷೆ ಕಂಡರೆ ನನಗೆ ಅದರ ಮೇಲೆ ಅರ್ಧ ನಂಬಿಕೆ ಆಗಲೇ ಬಂದುಬಿಡುತ್ತದೆ.

ಈ ತೊಡಕನ್ನು ದುಪ್ಪಟ್ಟು ಮಾಡುವುದು ಮರ್ಕೇಟರ್ ಪ್ರೊಜೆಕ್ಷನ್. ಗುಂಡಗಿರುವ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಈ ಲೆಕ್ಕಾಚಾರವನ್ನು ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಹಡಗಿನವರಿಗಾಗಿ ಮಾಡಿದರು. ಒಂದೇ ದಿಕ್ಕು ಹಿಡಿದು ಸಾಗುವ ದಾರಿ ಇದರಲ್ಲಿ ನೇರ ಗೆರೆಯಾಗಿ ಬರುತ್ತದೆ. ಆ ಕೆಲಸಕ್ಕೆ ಇದು ಅದ್ಭುತ. ಆದರೆ ಸಮಭಾಜಕದಿಂದ ದೂರ ಹೋದಷ್ಟೂ ವಿಸ್ತೀರ್ಣ ಹಿಗ್ಗುತ್ತಾ ಹೋಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಎಲ್ಲವೂ ನಾಲ್ಕು ಪಟ್ಟು ದೊಡ್ಡದು. ಗ್ರೀನ್‌ಲ್ಯಾಂಡ್ ಹೆಚ್ಚೂಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು ಇದೆ. ಬಣ್ಣದ ಹರವೇ ಮಾತಾಡುವ ನಕ್ಷೆಗೆ ಹರವನ್ನೇ ತಿರುಚುವ ಪ್ರೊಜೆಕ್ಷನ್ ಬಳಸಬಾರದು. ಇದರಲ್ಲಿ ರಾಜಿ ಇಲ್ಲ. ವಿಸ್ತೀರ್ಣ ಕಾಪಾಡುವ ಪ್ರೊಜೆಕ್ಷನ್‌ಗಳು ಎಷ್ಟೋ ಇವೆ. 2018ರಲ್ಲಿ ಟಾಮ್ ಪ್ಯಾಟರ್ಸನ್, ಬೋಯಾನ್ ಶಾವ್ರಿಚ್ ಮತ್ತು ಬರ್ನ್‌ಹಾರ್ಡ್ ಯೆನ್ನಿ ಸೇರಿ ಮಾಡಿದ ಈಕ್ವಲ್ ಅರ್ಥ್ ನೋಡಲೂ ಚೆಂದ, ಲೆಕ್ಕಕ್ಕೂ ಸರಿ.

ಇನ್ನೊಂದು ಬಹಳ ಸಾಮಾನ್ಯ ತಪ್ಪು: ದರದ ಬದಲು ಒಟ್ಟು ಸಂಖ್ಯೆಗೆ ಬಣ್ಣ ಬಳಿಯುವುದು. ಒಟ್ಟು ವಾಹನ, ಒಟ್ಟು ವೈದ್ಯರು, ಒಟ್ಟು ಅಪಘಾತ, ಏನೇ ತೆಗೆದುಕೊಳ್ಳಿ, ಜನ ಜಾಸ್ತಿ ಇರುವ ದೇಶಗಳೇ ಕಡುಬಣ್ಣದಲ್ಲಿ ಬರುತ್ತವೆ. ತಲೆಬರಹ ಏನೇ ಇರಲಿ, ಎಲ್ಲವೂ ಜನಸಂಖ್ಯೆಯ ನಕ್ಷೆಯೇ. ಅದಕ್ಕೇ ಕೋರೋಪ್ಲೆತ್‌ನಲ್ಲಿ ಲಕ್ಷ ಜನಕ್ಕೆ ಇಷ್ಟು, ನೂರಕ್ಕೆ ಇಷ್ಟು ಅಂತ ದರ ತೋರಿಸಬೇಕು. ಒಟ್ಟು ಸಂಖ್ಯೆಯನ್ನೇ ತೋರಿಸಬೇಕಾದರೆ ಚಿಕ್ಕ ದೊಡ್ಡ ವೃತ್ತಗಳು ವಾಸಿ.

ದರ ಹಾಕಿದ ತಕ್ಷಣ ಎಲ್ಲ ಸರಿಹೋಯಿತು ಅನ್ನುವಂತೆಯೂ ಇಲ್ಲ. ವ್ಯಾಟಿಕನ್ ನಗರದಲ್ಲಿ ಇರುವವರು ಸಾವಿರಕ್ಕಿಂತ ಕಡಿಮೆ. ವರ್ಷಕ್ಕೆ ಬಂದು ಹೋಗುವವರು ಲಕ್ಷಾಂತರ. ಪ್ರವಾಸಿಗರ ಜೇಬುಗಳ್ಳತನದ ಪ್ರಕರಣಗಳನ್ನು ಅಲ್ಲಿನ ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಪ್ರಪಂಚದಲ್ಲೇ ಅಪರಾಧ ಜಾಸ್ತಿ ಇರುವ ದೇಶವಾಗಿಬಿಡುತ್ತದೆ. ಭಾಗಿಸಿದ್ದು ಸರಿ, ಯಾವುದರಿಂದ ಭಾಗಿಸಿದರು ಅನ್ನುವುದು ತಪ್ಪು.

ಇನ್ನೂ ಸೂಕ್ಷ್ಮವಾದ ಉದಾಹರಣೆ ಅಮೆರಿಕದ ಕೌಂಟಿಗಳದ್ದು (ನಮ್ಮ ಜಿಲ್ಲೆಗಳ ಥರದ ಆಡಳಿತ ವಿಭಾಗ). ಮೂತ್ರಪಿಂಡದ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ತೀರಾ ಕಡಿಮೆ ಇರುವ ಕೌಂಟಿಗಳನ್ನು ಗುರುತು ಮಾಡಿದರೆ ಹೆಚ್ಚಿನವು ಜನ ವಿರಳವಾಗಿರುವ ಹಳ್ಳಿಗಾಡಿನವು. ಓಹೋ, ಒಳ್ಳೆ ಗಾಳಿ, ನೆಮ್ಮದಿಯ ಬದುಕು ಅಂತ ಕಾರಣ ಹೊಳೆಯುತ್ತದೆ. ಈಗ ಪ್ರಮಾಣ ತೀರಾ ಜಾಸ್ತಿ ಇರುವ ಕೌಂಟಿಗಳನ್ನು ನೋಡಿ. ಅವೂ ಜನ ವಿರಳವಾಗಿರುವ ಹಳ್ಳಿಗಾಡಿನವೇ! ಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಸಾವಿರ ಜನರಿರುವ ಕಡೆ ಒಬ್ಬರು ತೀರಿಕೊಂಡರೆ ದರ ಲಕ್ಷಕ್ಕೆ 100ಕ್ಕೆ ಜಿಗಿಯುತ್ತದೆ, ಯಾರೂ ತೀರಿಕೊಳ್ಳದಿದ್ದರೆ ಸೊನ್ನೆ. ಹತ್ತು ಲಕ್ಷ ಜನರಿರುವ ಕಡೆ ಒಂದು ಸಾವು ಆಚೀಚೆ ಆದರೆ ದರ ಅಲುಗಾಡುವುದೂ ಇಲ್ಲ. ಹಾಗಾಗಿ ನಕ್ಷೆಯ ತೀರಾ ಕಡು ಮತ್ತು ತೀರಾ ತಿಳಿ ಬಣ್ಣಗಳು ಎಷ್ಟೋ ಸಲ ಚಿಕ್ಕ ಜನಸಂಖ್ಯೆಯ ಜಾಗಗಳಿಗೇ ಹೋಗುತ್ತವೆ. ಅಲ್ಲಿ ಏನೋ ವಿಶೇಷ ನಡೆದಿದೆ ಅಂತಲ್ಲ.

ಈಗ ನಕ್ಷೆಯ ಮೂಲೆಯಲ್ಲಿರುವ ಆ ಪುಟ್ಟ ಬಣ್ಣಪಟ್ಟಿಯ ವಿಷಯ. ಯಾವ ಅಂಕಿಯಿಂದ ಯಾವ ಅಂಕಿವರೆಗೆ ಯಾವ ಬಣ್ಣ ಅಂತ ಅಲ್ಲಿ ಬರೆದಿರುತ್ತದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ. ಆದರೆ ನಕ್ಷೆ ಏನು ಹೇಳಬೇಕು ಅನ್ನುವುದು ತೀರ್ಮಾನ ಆಗುವುದು ಅಲ್ಲೇ. ಒಂದು ಲೆಕ್ಕ ಮಾಡಿ ನೋಡೋಣ. ಒಂಬತ್ತು ದೇಶಗಳಿವೆ ಅಂದುಕೊಳ್ಳಿ. ಅವುಗಳ ಅಂಕಿ 2, 3, 4, 5, 6, 7, 9, 18, 62. ನಮ್ಮ ಹತ್ತಿರ ಇರುವುದು ಮೂರು ಬಣ್ಣ.

ಒಂದು ದಾರಿ, ಸಮ ಅಂತರ. 2ರಿಂದ 22, 22ರಿಂದ 42, 42ರಿಂದ 62. ಎಂಟು ದೇಶ ತಿಳಿ ಬಣ್ಣಕ್ಕೆ ಬಿದ್ದವು, ನಡು ಬಣ್ಣ ಖಾಲಿ, ಒಂದು ದೇಶ ಮಾತ್ರ ಕಡುಬಣ್ಣ. ನೋಡಿದವರಿಗೆ 'ಒಂದು ದೇಶ ಬಿಟ್ಟು ಬೇರೆಲ್ಲೂ ಸಮಸ್ಯೆ ಇಲ್ಲ' ಅನ್ನಿಸುತ್ತದೆ. ಎರಡನೆಯ ದಾರಿ, ಪ್ರತಿ ಬಣ್ಣಕ್ಕೂ ಸಮ ಸಂಖ್ಯೆಯ ದೇಶ. 2, 3, 4 ಒಂದು ಗುಂಪು. 5, 6, 7 ಒಂದು. 9, 18, 62 ಇನ್ನೊಂದು. ಈಗ ಮೂರನೇ ಒಂದು ಪಾಲು ಕಡುಬಣ್ಣ. 'ಅಯ್ಯೋ, ಎಲ್ಲೆಲ್ಲೂ ಹರಡಿದೆ' ಅನ್ನಿಸುತ್ತದೆ. ಇದರಲ್ಲಿ 4 ಮತ್ತು 5ಕ್ಕೆ ಬೇರೆ ಬೇರೆ ಬಣ್ಣ, 9 ಮತ್ತು 62ಕ್ಕೆ ಒಂದೇ ಬಣ್ಣ! ಮೂರನೆಯದು, ಅಂಕಿಗಳ ನಡುವೆ ಸಹಜವಾಗಿ ಇರುವ ಅಂತರ ಹುಡುಕಿ ಅಲ್ಲಿ ಕತ್ತರಿಸುವುದು. ಅಮೆರಿಕದ ಜಾರ್ಜ್ ಜೆಂಕ್ಸ್ ಇದಕ್ಕೊಂದು ವಿಧಾನ ಮಾಡಿಕೊಟ್ಟರು. ಹಾಗೆ ಮಾಡಿದರೆ 2ರಿಂದ 9ರವರೆಗಿನ ಏಳು ದೇಶ ಒಂದು ಗುಂಪು, 18 ಒಂಟಿ, 62 ಒಂಟಿ. ಈ ಲೆಕ್ಕಕ್ಕೆ ನನಗೆ ಇದೇ ಸರಿ ಕಾಣುತ್ತದೆ. ಆದರೆ ಗಮನಿಸಿ, ಮೂರು ನಕ್ಷೆಯಲ್ಲೂ ಒಂದು ಅಂಕಿಯನ್ನೂ ಯಾರೂ ತಿದ್ದಿಲ್ಲ. ಸುಳ್ಳು ಹೇಳದೆಯೇ ಮೂರು ಬೇರೆ ಬೇರೆ ಕಥೆ ಹೇಳಿದ್ದಾಯಿತು. ಬಣ್ಣಪಟ್ಟಿಯೇ ಇಲ್ಲದ ನಕ್ಷೆಯನ್ನು ಹಂಚಿಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಗಡಿಯೊಳಗೆ ಎಲ್ಲ ಕಡೆಯೂ ಒಂದೇ ಬಣ್ಣ ಇರುವುದೂ ಒಂದು ತೊಂದರೆ. ಈಜಿಪ್ಟಿನ ಸುಮಾರು 95% ಜನ ನೈಲ್ ನದಿಯ ದಂಡೆ ಮತ್ತು ಅದರ ಮುಖಜ ಭೂಮಿಯಲ್ಲೇ ಇದ್ದಾರೆ. ಅದು ದೇಶದ ನೆಲದಲ್ಲಿ ಸುಮಾರು 5% ಅಷ್ಟೇ. ಉಳಿದದ್ದು ಮರಳುಗಾಡು. ಜನಸಾಂದ್ರತೆಯ ನಕ್ಷೆಯಲ್ಲಿ ಆ ಮರಳುಗಾಡಿಗೂ ಕೈರೋಗೂ ಒಂದೇ ಬಣ್ಣ. ಕೋರೋಪ್ಲೆತ್‌ಗೆ ಹೆಸರಿಟ್ಟ ರೈಟ್ ಅವರಿಗೆ ಈ ತೊಂದರೆ ಚೆನ್ನಾಗಿಯೇ ಗೊತ್ತಿತ್ತು. 1936ರಲ್ಲೇ ಅವರು ಅಮೆರಿಕದ ಕೇಪ್ ಕಾಡ್ ಪ್ರದೇಶದ ನಕ್ಷೆ ಮಾಡುವಾಗ ಜನ ಇಲ್ಲದ ಜಾಗವನ್ನು ಬೇರ್ಪಡಿಸಿ, ಜನ ಇರುವ ಕಡೆಗೆ ಮಾತ್ರ ಸಾಂದ್ರತೆ ಹಂಚಿ ತೋರಿಸಿದ್ದರು. ಇದಕ್ಕೆ ಡಾಸಿಮೆಟ್ರಿಕ್ ನಕ್ಷೆ ಅನ್ನುತ್ತಾರೆ. ಕೆಲಸ ಜಾಸ್ತಿ, ಆದರೆ ಬರುವ ಚಿತ್ರ ಸತ್ಯಕ್ಕೆ ಎಷ್ಟೋ ಹತ್ತಿರ.

ದೇಶಗಳನ್ನು ಲೆಕ್ಕ ಹಾಕಲು ಹೊರಟರೆ ಬರುವ ವಿಚಿತ್ರಗಳೇ ಬೇರೆ. ಫ್ರೆಂಚ್ ಗಯಾನಾ ಇರುವುದು ದಕ್ಷಿಣ ಅಮೆರಿಕದಲ್ಲಿ, ಆದರೆ ಅದು ಫ್ರಾನ್ಸಿನದೇ ಭಾಗ. ಫ್ರಾನ್ಸಿಗೆ ಅತಿ ಉದ್ದದ ಭೂಗಡಿ ಇರುವುದು ಬ್ರೆಜಿಲ್ ಜೊತೆ! ಹಾಗಾಗಿ ಫ್ರಾನ್ಸಿನ ಸರಾಸರಿ ಅಂಕಿಯ ಬಣ್ಣ ಅಮೆಜಾನ್ ಕಾಡಿನ ಅಂಚಿನಲ್ಲೂ ಕಾಣಿಸುತ್ತದೆ. ಕೆಲವರು ಅದನ್ನು ಬೂದು ಮಾಡುತ್ತಾರೆ. ಅಂಕಿ ಕೊಟ್ಟವರು ಗಯಾನಾವನ್ನು ಸೇರಿಸಿಕೊಂಡಿದ್ದರೋ ಇಲ್ಲವೋ ಅಂತ ನೋಡದೆ ಎರಡರಲ್ಲಿ ಯಾವುದು ಸರಿ ಅಂತ ಹೇಳಲಾಗದು.

ಈಜಿಪ್ಟ್ ಮತ್ತು ಸುಡಾನ್ ನಡುವಿನ ಬೀರ್ ತವೀಲ್ ನನಗೆ ತುಂಬ ಇಷ್ಟವಾದ ಉದಾಹರಣೆ. ಸುಮಾರು 2,060 ಚದರ ಕಿ.ಮೀ. ಬರಡು ನೆಲ. 1899ರಲ್ಲಿ ಗಡಿಯನ್ನು 22ನೇ ಅಕ್ಷಾಂಶದ ಮೇಲೆ ನೇರವಾಗಿ ಎಳೆದರು. 1902ರಲ್ಲಿ ಆಡಳಿತದ ಅನುಕೂಲಕ್ಕೆ ಅಂಕುಡೊಂಕಾದ ಇನ್ನೊಂದು ಗೆರೆ ಬಂತು. ಈಜಿಪ್ಟ್ ಮೊದಲನೆಯ ಗೆರೆ ಹಿಡಿದಿದೆ, ಸುಡಾನ್ ಎರಡನೆಯದನ್ನು. ಯಾಕೆಂದರೆ ಪೂರ್ವಕ್ಕಿರುವ, ಹತ್ತು ಪಟ್ಟು ದೊಡ್ಡದಾದ, ಕಡಲ ತೀರವೂ ಇರುವ ಹಲಾಯಿಬ್ ಇಬ್ಬರಿಗೂ ಬೇಕು. ಹಲಾಯಿಬ್ ಬೇಕೆಂದರೆ ಬೀರ್ ತವೀಲ್ ಬಿಡಬೇಕು. ಹೀಗಾಗಿ ಅದು ಇಬ್ಬರಿಗೂ ಬೇಡ. ಯಾವ ದೇಶದ ಅಂಕಿಯೂ ಅದಕ್ಕೆ ಸಲ್ಲುವುದಿಲ್ಲ. ನಕ್ಷೆಯಲ್ಲಿ ಅದನ್ನು ಖಾಲಿ ಬಿಟ್ಟವರು ಮರೆತು ಬಿಟ್ಟಿದ್ದಲ್ಲ, ತಿಳಿದೇ ಬಿಟ್ಟಿರುತ್ತಾರೆ.

ಹಳೆಯ ಗಡಿಗೆ ಹೊಸ ಅಂಕಿ, ಹೊಸ ಗಡಿಗೆ ಹಳೆಯ ಅಂಕಿ ಹಾಕುವುದೂ ಮಾಮೂಲು. ದಕ್ಷಿಣ ಸುಡಾನ್ 2011ರ ಜುಲೈನಲ್ಲಿ ಸುಡಾನಿನಿಂದ ಒಡೆದು ಬೇರೆ ದೇಶವಾಯಿತು. ಸುಡಾನಿನ 2005ರ ಅಂಕಿಯನ್ನು ಇವತ್ತಿನ ಗಡಿಗೆ ಹಚ್ಚಿದರೆ ಆ ಅಂಕಿ ಎರಡರಲ್ಲಿ ಯಾವ ದೇಶದ್ದೂ ಅಲ್ಲ. ನಕ್ಷೆಯ ಅಂಚಿನಲ್ಲಿರುವ ನ್ಯೂಜಿಲೆಂಡ್ ಎಷ್ಟು ಸಲ ಕತ್ತರಿಸಿ ಹೋಗಿದೆ ಅಂದರೆ, 2018ರಲ್ಲಿ ಆ ದೇಶದವರು ಇದನ್ನೇ ವಿಷಯ ಮಾಡಿಕೊಂಡು ಪ್ರಚಾರದ ವಿಡಿಯೊ ತಂದರು. ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಕೂಡ ಅದರಲ್ಲಿ ಇದ್ದರು. ಇನ್ನು ವಿಳಾಸ ಸಿಗದ ದಾಖಲೆಗಳನ್ನು ಕಂಪ್ಯೂಟರ್ ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶಕ್ಕೆ ಹಾಕಿಬಿಡುವುದುಂಟು. ಆ ಜಾಗ ಗಿನಿ ಕೊಲ್ಲಿಯ ನಡುನೀರಿನಲ್ಲಿದೆ. ಇಲ್ಲವೇ ಇಲ್ಲದ ಆ ನೆಲಕ್ಕೆ ನಕ್ಷೆ ಮಾಡುವವರು ನಲ್ ಐಲ್ಯಾಂಡ್ (ಶೂನ್ಯ ದ್ವೀಪ) ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ನಿಜಕ್ಕೂ ನಿಲ್ಲಿಸಿದ್ದದ್ದು ಹವಾಮಾನ ಅಳೆಯುವ ಒಂದು ತೇಲುಬುರುಡೆ.

ಬೂದು ಬಣ್ಣಕ್ಕೂ ಒಂದು ಮಾತು ಸಲ್ಲಬೇಕು. ಉತ್ತರ ಕೊರಿಯಾ, ಪಶ್ಚಿಮ ಸಹಾರಾ ಎಷ್ಟೋ ನಕ್ಷೆಗಳಲ್ಲಿ ಬೂದು. ಅರ್ಥ, ಮಾಹಿತಿ ಇಲ್ಲ. ಸೊನ್ನೆ ಅಂತಲ್ಲ. ಮಾಹಿತಿ ಇಲ್ಲದ ದೇಶಕ್ಕೆ ತಿಳಿ ಬಣ್ಣ ಬಳಿದರೆ 'ಅಲ್ಲಿ ರೋಗವೇ ಇಲ್ಲ, ಬಡತನವೇ ಇಲ್ಲ' ಅಂತ ಹೇಳಿದ ಹಾಗಾಗುತ್ತದೆ. ಲೆಕ್ಕ ಇಡುವವರೇ ಇಲ್ಲದ ಕಡೆ ಕಷ್ಟ ಜಾಸ್ತಿ ಇರುವ ಸಾಧ್ಯತೆಯೇ ಹೆಚ್ಚು. ಉಳಿದ ಬಣ್ಣಗಳಲ್ಲಿ ತಿಳಿಯಿಂದ ಕಡುವಿಗೆ ಹೋಗುವ ಒಂದೇ ಬಣ್ಣದ ಛಾಯೆಗಳು ಸುರಕ್ಷಿತ. ಕೆಂಪು-ಹಸಿರು ಜೋಡಿ ಕೆಲವರಿಗೆ ಒಂದೇ ಥರ ಕಾಣುತ್ತದೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಮಂದಿಗೆ ಈ ತೊಂದರೆ ಇದೆ. ಸಿಂಥಿಯಾ ಬ್ರೂವರ್ ರೂಪಿಸಿದ ಕಲರ್‌ಬ್ರೂವರ್ ಎಂಬ ಉಚಿತ ಸಾಧನದಲ್ಲಿ ಎಲ್ಲರ ಕಣ್ಣಿಗೂ ಹೊಂದುವ ಬಣ್ಣಗಳು ಸಿದ್ಧವಾಗಿ ಸಿಗುತ್ತವೆ.

ಹಾಗಾದರೆ ನೆಲದ ಬದಲು ಜನರನ್ನೇ ತೋರಿಸುವ ನಕ್ಷೆ ಇಲ್ಲವೇ? ಇದೆ, ಕಾರ್ಟೋಗ್ರಾಮ್. ಜನ ಎಷ್ಟಿದ್ದಾರೋ ಅಷ್ಟಕ್ಕೆ ದೇಶವನ್ನು ಉಬ್ಬಿಸುವುದು ಇಲ್ಲವೇ ಕುಗ್ಗಿಸುವುದು. 2004ರಲ್ಲಿ ಮೈಕೆಲ್ ಗ್ಯಾಸ್ಟ್ನರ್ ಮತ್ತು ಮಾರ್ಕ್ ನ್ಯೂಮನ್ ಇದನ್ನು ಕಂಪ್ಯೂಟರಿನಲ್ಲಿ ಮಾಡುವ ಒಳ್ಳೆಯ ವಿಧಾನ ಕೊಟ್ಟ ಮೇಲೆ ಇವು ಜಾಸ್ತಿ ಬಳಕೆಗೆ ಬಂದವು. ಅದರಲ್ಲಿ ಬಾಂಗ್ಲಾದೇಶ ಉಬ್ಬಿ ದೊಡ್ಡದಾಗುತ್ತದೆ, ಮಂಗೋಲಿಯ ಸಣಕಲು ಎಳೆಯಾಗುತ್ತದೆ, ರಷ್ಯ ಮುದುಡಿಕೊಳ್ಳುತ್ತದೆ. ಆದರೆ ಆಕಾರ ಕೆಟ್ಟ ಮೇಲೆ ಯಾವುದು ಯಾವ ದೇಶ ಅಂತ ಹುಡುಕುವುದೇ ಕಷ್ಟ. ಅದಕ್ಕೇ ಕೋರೋಪ್ಲೆತ್ ಮತ್ತು ಕಾರ್ಟೋಗ್ರಾಮ್ ಎರಡನ್ನೂ ಒಂದೇ ಬಣ್ಣಪಟ್ಟಿಯೊಂದಿಗೆ ಅಕ್ಕಪಕ್ಕ ಹಾಕುವುದು ಒಳ್ಳೆಯದು. ಎಲ್ಲಿ ಅನ್ನುವುದು ಒಂದರಲ್ಲಿ ಸಿಗುತ್ತದೆ, ಎಷ್ಟು ಜನರಿಗೆ ಅನ್ನುವುದು ಇನ್ನೊಂದರಲ್ಲಿ.