ನಲ್ಲಿ ನೀರಲ್ಲಿ ಬ್ಯಾಕ್ಟೀರಿಯಾಗೆ ಉಳಿದ ಊಟ ಎಷ್ಟು?

ಶುದ್ಧೀಕರಣ ಘಟಕದಿಂದ ಹೊರಡುವಾಗ ಎಲ್ಲ ಪರೀಕ್ಷೆಯಲ್ಲೂ ಪಾಸಾದ ನೀರಲ್ಲಿ, ನಲ್ಲಿಗೆ ಬರುವಷ್ಟರಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗಿರಬಹುದು. ಪೈಪ್ ಒಡೆದು ಕೊಳೆ ಸೇರಬೇಕೆಂದೇನಿಲ್ಲ. ಬೆಳೆಯಲು ಬೇಕಾದ ಆಹಾರ ನೀರಲ್ಲೇ ಉಳಿದಿದ್ದರೆ ಸಾಕು.

ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಕ್ ಕಾಲದಿಂದಲೂ ನೀರಿನ ಬ್ಯಾಕ್ಟೀರಿಯಾವನ್ನು ಆಹಾರ ಹಾಕಿದ ಲ್ಯಾಬ್ ತಟ್ಟೆಯ ಮೇಲೆ ಬೆಳೆಸಿ ಎಣಿಸುತ್ತಾ ಬಂದಿದ್ದಾರೆ. ಅದು ಇವತ್ತಿನ ಲೆಕ್ಕ. ಮುಂದೆ ಎಷ್ಟಾಗಬಹುದು ಎಂದು ಅದು ಹೇಳುವುದಿಲ್ಲ. ಕ್ಲೋರಿನ್ ಇದ್ದುದರಿಂದ ಆ ಚಿಂತೆಯೂ ಕಡಿಮೆ ಇತ್ತು.

1974ರಲ್ಲಿ ರಾಟರ್‌ಡ್ಯಾಮ್‌ನ ಯೊಹಾನ್ನೆಸ್ ರೂಕ್ ಒಂದು ಸಂಗತಿ ತೋರಿಸಿದರು. ಕ್ಲೋರಿನ್ ನೀರಿನ ಸಾವಯವ ವಸ್ತುಗಳ ಜೊತೆ ಸೇರಿ ಕ್ಲೋರೋಫಾರ್ಮ್‌ನಂಥ ಸಂಯುಕ್ತಗಳಾಗುತ್ತವೆ. ಇವು ಆರೋಗ್ಯಕ್ಕೆ ಕೆಟ್ಟದೆಂಬ ಆತಂಕದಿಂದ ನೆದರ್‌ಲ್ಯಾಂಡ್ಸ್ ನಿಧಾನವಾಗಿ ಕ್ಲೋರಿನ್ ಬಳಕೆಯನ್ನು ಕೈಬಿಡತೊಡಗಿತು. ಹಾಗಾದರೆ ನೀರಲ್ಲಿ ಆಹಾರವೇ ಉಳಿಯಬಾರದು ಅಲ್ವಾ? ಅದನ್ನು ಅಳೆಯುವುದು ಹೇಗೆ?

1982ರಲ್ಲಿ ಅಲ್ಲಿನವರೇ ಆದ ಡಿಕ್ ವಾನ್ ಡೆರ್ ಕೂಯ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾವನ್ನೇ ಅಳತೆಗೆ ಬಳಸಿದರು. ಇದು ನನಗೆ ತುಂಬಾ ಹಿಡಿಸುವ ಜಾಣತನ. ಮೊದಲು ನೀರನ್ನು ಬಿಸಿ ಮಾಡಿ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು. ಆಮೇಲೆ ಗೊತ್ತಿರುವ ಒಂದು ತಳಿಯನ್ನು, ಸೂಡೊಮೊನಾಸ್ ಫ್ಲೋರೆಸೆನ್ಸ್ ಪಿ17 ಅನ್ನು, ತೀರಾ ಸ್ವಲ್ಪ ಬಿಡಬೇಕು. ಬೆಳವಣಿಗೆ ನಿಲ್ಲುವವರೆಗೆ ಎಣಿಸುತ್ತಾ ಹೋಗಬೇಕು. ಇಷ್ಟು ಅಸಿಟೇಟ್ (ಬ್ಯಾಕ್ಟೀರಿಯಾ ಸುಲಭವಾಗಿ ತಿನ್ನುವ ಒಂದು ಸರಳ ಇಂಗಾಲದ ಸಂಯುಕ್ತ) ತಿಂದರೆ ಈ ತಳಿ ಇಷ್ಟು ಬೆಳೆಯುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ, ನೀರಲ್ಲಿ ಸುಲಭವಾಗಿ ದಕ್ಕುವ ಇಂಗಾಲ ಎಷ್ಟಿತ್ತು ಎಂಬ ಲೆಕ್ಕ ಸಿಗುತ್ತದೆ. ಇದೇ ಎಒಸಿ, ಅಂದರೆ ಬ್ಯಾಕ್ಟೀರಿಯಾ ಅರಗಿಸಿಕೊಳ್ಳಬಲ್ಲ ಸಾವಯವ ಇಂಗಾಲ (assimilable organic carbon).

ಪಿ17ಗೆ ಎಲ್ಲವೂ ರುಚಿಸುವುದಿಲ್ಲ. ನೀರು ಶುದ್ಧೀಕರಿಸಲು ಬಳಸುವ ಓಝೋನ್ ಅನಿಲ ದೊಡ್ಡ ಅಣುಗಳನ್ನು ಒಡೆದಾಗ ಆಕ್ಸಲೇಟ್‌ನಂಥ ಪುಟ್ಟ ತುಣುಕುಗಳು ಹುಟ್ಟುತ್ತವೆ. ಅವನ್ನು ತಿನ್ನುವ ಸ್ಪಿರಿಲ್ಲಮ್ ಎನ್‌ಒಎಕ್ಸ್ ತಳಿಯನ್ನೂ ಜೊತೆಗೆ ಸೇರಿಸಿದರು. ಓಝೋನ್ ಬಳಸುವ ಘಟಕದಲ್ಲಿ ಎಒಸಿ ಏರುತ್ತದೆ ಎಂಬುದು ಹೀಗೆ ಕಾಣಿಸಿತು. ಓಝೋನ್ ಆದಮೇಲೆ ಜೈವಿಕ ಫಿಲ್ಟರ್, ಅಂದರೆ ತನ್ನಲ್ಲಿರುವ ಬ್ಯಾಕ್ಟೀರಿಯಾ ಈ ಆಹಾರವನ್ನು ತಿಂದು ಮುಗಿಸುವ ಫಿಲ್ಟರ್, ಇಡುವುದು ಇದಕ್ಕಾಗಿಯೇ.

1992ರಲ್ಲಿ ವಾನ್ ಡೆರ್ ಕೂಯ್ ಕೊಟ್ಟ ಗಡಿ, ಕ್ಲೋರಿನ್ ಇಲ್ಲದ ನೀರಿಗೆ, ಲೀಟರ್‌ಗೆ ಸುಮಾರು 10 ಮೈಕ್ರೋಗ್ರಾಂ ಎಒಸಿ; ಅದಕ್ಕಿಂತ ಕಡಿಮೆಯಿದ್ದರೆ ಬೆಳವಣಿಗೆ ಹತೋಟಿಯಲ್ಲಿರುತ್ತದೆ. ಗ್ರಾಮಿನ ಲಕ್ಷದಲ್ಲೊಂದು ಪಾಲು! ಅದನ್ನು ಮೀರಿದರೆ ಬ್ಯಾಕ್ಟೀರಿಯಾ ಜಾಸ್ತಿಯಾಗಬಹುದು.

1990ರ ದಶಕದಲ್ಲಿ ಫಿನ್‌ಲ್ಯಾಂಡ್‌ನ ಸಂಶೋಧಕರು ಇನ್ನೊಂದು ಮಾತು ಸೇರಿಸಿದರು. ಅಲ್ಲಿನ ಕೆಲವು ನೀರಿನಲ್ಲಿ ಇಂಗಾಲ ಬೇಕಾದಷ್ಟಿತ್ತು, ಬೆಳವಣಿಗೆಯನ್ನು ತಡೆದದ್ದು ರಂಜಕದ ಕೊರತೆ. ಮುಂದೆ 2005ರ ಹೊತ್ತಿಗೆ ಸ್ವಿಟ್ಜರ್‌ಲ್ಯಾಂಡ್‌ನ ಈವಾಗ್ ಸಂಸ್ಥೆಯಲ್ಲಿ, ಲ್ಯಾಬಿನ ತಳಿಗಳ ಬದಲು ನೀರಿನ ಸ್ವಂತ ಬ್ಯಾಕ್ಟೀರಿಯಾವನ್ನೇ ಬಳಸಿ ಫ್ಲೋ ಸೈಟೋಮೆಟ್ರಿಯಿಂದ (ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹರಿಸಿ) ಎಣಿಸುವ ವಿಧಾನ ಬಂತು. ತಟ್ಟೆಯಲ್ಲಿ ಬೆಳೆಯದ ಬಹುಪಾಲು ಕೋಶಗಳೂ ಇದರಲ್ಲಿ ಲೆಕ್ಕಕ್ಕೆ ಸಿಗುತ್ತವೆ.

ಆದರೆ ಪರೀಕ್ಷೆಗೆಂದು ಬಾಟಲಿಗೆ ತುಂಬಿದ ನೀರನ್ನಷ್ಟೇ ಅಳೆದರೆ ಪೈಪಿನ ಗೋಡೆಯಲ್ಲಿ ಬ್ಯಾಕ್ಟೀರಿಯಾ ಕಟ್ಟಿದ ಲೋಳೆ ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಪ್ಲಾಸ್ಟಿಕ್ ಮತ್ತು ರಬ್ಬರ್ ತಾವೇ ಇಂಗಾಲ ಬಿಡುತ್ತವೆ. ಹಾಗಾಗಿ ಕುಡಿಯುವ ನೀರು ತಾಗುವ ವಸ್ತುಗಳು ಸೂಕ್ಷ್ಮಜೀವಿಗಳನ್ನು ಎಷ್ಟು ಬೆಳೆಸುತ್ತವೆ ಎಂದು ಪರೀಕ್ಷಿಸಲು ಯುರೋಪಿನಲ್ಲಿ ಬೇರೆಯೇ ಮಾನದಂಡವಿದೆ.