ಲೆವೆಲ್ ಏರಿತು, ಬಿಲ್ಲು ಹಿಂದುಳಿಯಿತು

ಕೆಲವು ವರ್ಷಗಳ ಹಿಂದೆ ನಮ್ಮ ಸ್ಟುಡಿಯೊದಲ್ಲಿ ಒಂದು ಆನ್‌ಲೈನ್ ಆಟದ ಪರೀಕ್ಷೆ ನಡೆಯುತ್ತಿತ್ತು. ಒಬ್ಬ ಕಾಲೇಜು ವಿದ್ಯಾರ್ಥಿನಿ ಆಡುತ್ತಿದ್ದಳು, ನಾನು ಅವಳ ಹಿಂದೆ ನಿಂತು ಪರದೆ ನೋಡುತ್ತಿದ್ದೆ. ಅವಳ ಪಾತ್ರ 28ನೇ ಲೆವೆಲ್ ಮುಟ್ಟಿತ್ತು. ಕೈಯಲ್ಲಿದ್ದದ್ದು ಮಾತ್ರ 12ನೇ ಲೆವೆಲ್‌ನ ಬಿಲ್ಲು. ಅದೇ ಪರೀಕ್ಷಾ ತಂಡದಲ್ಲಿದ್ದ ಅವಳ ಅಣ್ಣ, ಎರಡು ಸಂಜೆ ಕೂತು ಮರ, ನಾರು, ರಾಳ ಕೂಡಿಸಿ ಅದನ್ನು ಆಟದೊಳಗೆ ಮಾಡಿಕೊಟ್ಟಿದ್ದ. ಒಂದು ತೋಳ ಎದುರಾಯಿತು. ಒಂದು, ಎರಡು, ಮೂರು, ನಾಲ್ಕು ಬಾಣ. ತೋಳ ಬೀಳಲಿಲ್ಲ. ಅವಳು ನನ್ನತ್ತ ತಿರುಗಿ, "ಮೊದಲು ನಾಲ್ಕಕ್ಕೇ ಬೀಳುತ್ತಿತ್ತು ಸರ್. ಈಗ ಐದು ಬೇಕು. ಅಣ್ಣ ಮಾಡಿದ ಬಿಲ್ಲು ಕೆಟ್ಟುಹೋಗಿದೆಯೇ?" ಎಂದು ಕೇಳಿದಳು.

ಬಿಲ್ಲು ಕೆಟ್ಟಿರಲಿಲ್ಲ. ಅದರ ಒಂದು ಅಂಕಿಯೂ ಬದಲಾಗಿರಲಿಲ್ಲ. ಹಾಗಾದರೆ ಐದನೆಯ ಬಾಣ ಯಾಕೆ ಬೇಕಾಯಿತು? ಆಟಗಳ ಲೆಕ್ಕಾಚಾರ ಹೊಂದಿಸುವುದೇ ನನ್ನ ಕೆಲಸವಾದ್ದರಿಂದ ಈ ಪ್ರಶ್ನೆ ನನಗೆ ಆಗಾಗ ಎದುರಾಗುತ್ತದೆ. ಉತ್ತರ ಗೊತ್ತಿಲ್ಲದೆ ದುಬಾರಿ ಸಾಮಗ್ರಿಯನ್ನು ತಪ್ಪು ಲೆವೆಲ್‌ನಲ್ಲಿ ಸುರಿದು ಬೇಸರಪಟ್ಟುಕೊಂಡವರನ್ನೂ ತುಂಬ ನೋಡಿದ್ದೇನೆ.

ಹಳೆಯ ಪದ್ಧತಿಯ ಆಟಗಳಲ್ಲಿ ಪ್ರತಿ ಕಾಡಿಗೂ ಅದರದೇ ಲೆವೆಲ್ ಇರುತ್ತಿತ್ತು. 10ನೇ ಲೆವೆಲ್‌ನ ತೋಳ ಯಾವಾಗಲೂ 10ನೇ ಲೆವೆಲ್‌ನ ತೋಳ. ನೀವು 30 ದಾಟಿ ಹಿಂದಿರುಗಿದರೆ ಒಂದೇ ಏಟಿಗೆ ಮುಗಿಯುತ್ತಿತ್ತು. ಸ್ಕೇಲಿಂಗ್, ಅಂದರೆ ಶತ್ರು ಮತ್ತು ಆಟಗಾರನ ಬಲವನ್ನು ಆಟವೇ ಒಂದಕ್ಕೊಂದು ಹೊಂದಿಸುವ ಪದ್ಧತಿ, ಬಂದ ಮೇಲೆ ಈ ಲೆಕ್ಕವೇ ಬೇರೆಯಾಯಿತು. 'ದ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್' 2014ರಲ್ಲಿ ಬಂದಾಗ ಪ್ರದೇಶಕ್ಕೊಂದು ಲೆವೆಲ್ ಇತ್ತು. 2016ರ ಅಕ್ಟೋಬರ್‌ನ 'ಒನ್ ಟ್ಯಾಮ್ರಿಯಲ್' ಪರಿಷ್ಕರಣೆ ಆ ಗೋಡೆಗಳನ್ನು ಕೆಡವಿತು. ಇಡೀ ನಾಡಿನ ಶತ್ರುಗಳೆಲ್ಲ ಒಂದೇ ಮಟ್ಟಕ್ಕೆ, ಅಂದರೆ ಅತ್ಯುನ್ನತ ಆಯುಧಗಳ ಮಟ್ಟಕ್ಕೆ ಬಂದರು. ನಿನ್ನೆ ಆಟಕ್ಕೆ ಸೇರಿದ 3ನೇ ಲೆವೆಲ್‌ನ ಪಾತ್ರ ಅಲ್ಲಿ ಬದುಕಬೇಕಲ್ಲ? ಅದಕ್ಕೆ ಆಟವೇ ಶಕ್ತಿಯನ್ನು ಕಡ ಕೊಡುತ್ತದೆ. ಹೊಸ ಆಟಗಾರ ಹಳೆಯ ಗೆಳೆಯನ ಜೊತೆ ಯಾವ ಊರಿಗೆ ಬೇಕಾದರೂ ಹೋಗಬಹುದಾದದ್ದು ಇದರಿಂದಲೇ. ಇದು ಈ ಪ್ರಕಾರದ ಆಟಗಳಲ್ಲಿ ಆದ ಅತ್ಯುತ್ತಮ ಬದಲಾವಣೆಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ.

ಆದರೆ ಕಡ ಕೊಟ್ಟ ಶಕ್ತಿ ಶಾಶ್ವತವಲ್ಲ. ಲೆವೆಲ್ ಏರಿದಂತೆ ಆಟ ಅದನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಪಡೆಯುತ್ತದೆ. "ಈಗ ನಿನ್ನ ಆಯುಧ, ಕವಚ, ಕೌಶಲಗಳು ಆ ಜಾಗ ತುಂಬಲಿ" ಎಂಬುದು ಅದರ ನಿರೀಕ್ಷೆ. ಕೈಯಾರೆ ಮಾಡಿದ ಆಯುಧ ಸಿಕ್ಕಿಬೀಳುವುದು ಇಲ್ಲಿಯೇ. ಅದು ಹುಟ್ಟಿದ ಲೆವೆಲ್‌ನಲ್ಲೇ ನಿಂತಿರುತ್ತದೆ, ಪಾತ್ರ ಮಾತ್ರ ಮುಂದೆ ಹೋಗುತ್ತದೆ.

ನಮ್ಮ ಆಟದಲ್ಲಿ ಆಗ ಇದ್ದ ಕೋಷ್ಟಕವನ್ನು ಸರಳಗೊಳಿಸಿ ಹೇಳುತ್ತೇನೆ. ತೋಳದ ಆಯುಸ್ಸು 3,600. ಸರಿಯಾದ ಆಯುಧವಿದ್ದರೆ ಒಂದು ಬಾಣದ ಹೊಡೆತ ಯಾವ ಲೆವೆಲ್‌ನಲ್ಲೂ 1,000. ಅದರಲ್ಲಿ ಆಯುಧದ ಪಾಲು ಲೆವೆಲ್‌ನ ಹತ್ತು ಪಟ್ಟು, ಉಳಿದದ್ದು ಆಟ ಕೊಟ್ಟ ಕಡ. 12ನೇ ಲೆವೆಲ್‌ನಲ್ಲಿ ಬಿಲ್ಲಿನದು 120, ಕಡ 880. ನಾಲ್ಕು ಬಾಣ ಸಾಕು. 20ನೇ ಲೆವೆಲ್‌ಗೆ ಬಂದಾಗ ಕಡ 800ಕ್ಕೆ ಇಳಿಯಿತು, ಬಿಲ್ಲು 120ರಲ್ಲೇ ಇತ್ತು. ಹೊಡೆತ 920. ನಾಲ್ಕು ಬಾಣಕ್ಕೆ 3,680, ಆದ್ದರಿಂದ ತೋಳ ಇನ್ನೂ ನಾಲ್ಕಕ್ಕೇ ಬಿದ್ದಿತು. 22ರಲ್ಲಿ ಸರಿಯಾಗಿ 3,600, ಕೂದಲೆಳೆಯಲ್ಲಿ ಪಾರು. 23ಕ್ಕೆ ಕಾಲಿಟ್ಟ ಕ್ಷಣ ಐದನೆಯ ಬಾಣ ಬೇಕಾಯಿತು. 28ರಲ್ಲಿ ಹೊಡೆತ 840. ಅದೇ ಬಿಲ್ಲು ಹಿಡಿದು 50 ಮುಟ್ಟಿದ್ದರೆ 620, ತೋಳಕ್ಕೆ ಆರು ಬಾಣ.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸವಕಳಿ ಪ್ರತಿ ಲೆವೆಲ್‌ನಲ್ಲೂ ಸಮನಾಗಿ ಆಗುತ್ತಿರುತ್ತದೆ, ಆಟಗಾರನಿಗೆ ಮಾತ್ರ ಅದು ಒಂದೇ ದಿನ ಅರಿವಾಗುತ್ತದೆ. ಹತ್ತು ಲೆವೆಲ್‌ಗಳ ಕಾಲ ಏನೂ ತಿಳಿಯದು. ಆಮೇಲೆ ಒಂದು ಸಂಜೆ ದಿಢೀರನೆ ಬಾಣ ಒಂದು ಹೆಚ್ಚು ಬೇಕಾಗುತ್ತದೆ. ಲೆವೆಲ್ ಏರಿದಾಗಲೇ ದುರ್ಬಲನಾದೆ ಎಂಬ ಆಟಗಾರರ ದೂರು ಭ್ರಮೆಯಲ್ಲ. ಅದು ನಿಜ, ಅದರ ಹಿಂದಿನ ಲೆಕ್ಕ ಇದು. ಬಲವಾಗಿದ್ದೇನೆ ಎಂದು ಅನಿಸಬೇಕಾದ ಕ್ಷಣದಲ್ಲಿ ಹೀಗಾಗುವುದನ್ನು ನಾನು ಸಣ್ಣ ದೋಷ ಎಂದು ತಳ್ಳಿಹಾಕಲಾರೆ.

ಇನ್ನೊಂದು ಬಗೆಯ ಸವಕಳಿ ಇನ್ನೂ ಸೂಕ್ಷ್ಮ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಆಯುಧದ ಮೇಲಿನ ಕ್ರಿಟಿಕಲ್ ರೇಟಿಂಗ್ (ಹೊಡೆತ ಮಾಮೂಲಿಗಿಂತ ಜೋರಾಗಿ ಬೀಳುವ ಸಾಧ್ಯತೆಯ ಅಂಕಿ) ಶೇಕಡಾವಾರಿಗೆ ಬದಲಾಗುವುದು ಪಾತ್ರದ ಲೆವೆಲ್‌ಗೆ ಅನುಗುಣವಾಗಿ. ಲೆವೆಲ್ ಏರಿದಂತೆ ಅಷ್ಟೇ ರೇಟಿಂಗ್‌ಗೆ ಸಿಗುವ ಶೇಕಡಾವಾರು ಕಡಿಮೆಯಾಗುತ್ತದೆ. ಆಯುಧದ ಚೀಟಿಯಲ್ಲಿರುವ ಸಂಖ್ಯೆ ಬದಲಾಗದ ಕಾರಣ ಬಹಳ ಜನರಿಗೆ ಇದು ಕಾಣುವುದೇ ಇಲ್ಲ.

ಕೈಯಾರೆ ಮಾಡಿದ ಆಯುಧಕ್ಕೆ ಒಬ್ಬ ಎದುರಾಳಿಯೂ ಇದ್ದಾನೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಶತ್ರುಗಳಿಂದ, ಪೆಟ್ಟಿಗೆಗಳಿಂದ ಸಿಗುವ ಆಯುಧ ನಿಮ್ಮ ಈಗಿನ ಲೆವೆಲ್‌ಗೆ ಹೊಂದಿಕೊಂಡೇ ಬೀಳುತ್ತದೆ. ಕಮ್ಮಾರ ಮಾಡಿದ ಕತ್ತಿ 16ನೇ ಲೆವೆಲ್‌ನದಾದರೆ ಕೊನೆಯವರೆಗೂ 16ನೆಯದೇ. ಕಷ್ಟಪಟ್ಟು ಮಾಡಿದ್ದು ಮುದಿಯಾಗುತ್ತಿರುವಾಗ ದಾರಿಯಲ್ಲಿ ಬಿದ್ದದ್ದು ಸದಾ ಹೊಸದಾಗಿ ಸಿಗುತ್ತದೆ! ಹಾಗಿದ್ದರೂ ಕಮ್ಮಾರಿಕೆಗೆ ಅಲ್ಲಿ ಬೆಲೆ ಉಳಿದಿರುವುದು ಆಯ್ಕೆಯ ಸ್ವಾತಂತ್ರ್ಯದಿಂದ. ಬೇಕಾದ ಗುಣ (ಆಯುಧಕ್ಕೆ ಸೇರುವ ವಿಶೇಷ ಶಕ್ತಿ), ಬೇಕಾದ ಸೆಟ್ (ಒಟ್ಟಿಗೆ ಧರಿಸಿದರೆ ಹೆಚ್ಚುವರಿ ಬಲ ಕೊಡುವ ಆಯುಧ, ಕವಚಗಳ ಗುಂಪು), ಬೇಕಾದ ಆಯುಧ ಮೂರನ್ನೂ ಕೂಡಿಸಿ ಕೊಡುವುದು ಅದೃಷ್ಟದ ಪೆಟ್ಟಿಗೆಯ ಕೈಲಾಗದ ಕೆಲಸ.

ಆ ಸ್ವಾತಂತ್ರ್ಯ ಸುಲಭಕ್ಕೆ ಬರುವುದಿಲ್ಲ. ಒಂದು ಜಾತಿಯ ಆಯುಧದ ಮೊದಲ ಗುಣವನ್ನು ಸಂಶೋಧಿಸಲು 6 ಗಂಟೆ, ಎರಡನೆಯದಕ್ಕೆ 12, ಮೂರನೆಯದಕ್ಕೆ 24. ಹೀಗೆ ಪ್ರತಿ ಸಲ ಇಮ್ಮಡಿಯಾಗುತ್ತ ಒಂಬತ್ತನೆಯ ಗುಣಕ್ಕೆ 64 ದಿನ. ಹೆಸರಾಂತ 'ಹಂಡಿಂಗ್ಸ್ ರೇಜ್' ಸೆಟ್‌ನ ಕತ್ತಿ ಮಾಡಲು ಆರು ಗುಣ ಗೊತ್ತಿರಬೇಕು. ಸಮಯ ತಗ್ಗಿಸುವ ಕೌಶಲಗಳಿಲ್ಲದಿದ್ದರೆ ಕತ್ತಿಯೊಂದಕ್ಕೇ ಸುಮಾರು 16 ದಿನ ಕಾಯಬೇಕು, ಒಂಬತ್ತೂ ಬೇಕಾದರೆ ಸುಮಾರು 128 ದಿನ. ಆಯುಧವನ್ನು ತಿರುಗಿಸಿ ನೋಡಿದರೆ ಮಾಡಿದವರ ಹೆಸರು ಅದರಲ್ಲಿ ಕಾಣುತ್ತದೆ. ಆ ಹೆಸರಿನ ಹಿಂದೆ ಇಷ್ಟು ದಿನಗಳು ಇವೆ ಎಂಬುದು ನೆನಪಿರಲಿ.

ಹಾಗಾದರೆ ಏನು ಮಾಡಬೇಕು? ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಆಡುವವರು ನನ್ನನ್ನು ಕೇಳಿದರೆ ನಾನು ಹೇಳುವುದು ಹೀಗೆ. 50ನೇ ಲೆವೆಲ್ ಮುಟ್ಟುವವರೆಗೆ ಸುಮಾರು ಹತ್ತು ಲೆವೆಲ್‌ಗೊಮ್ಮೆ ಹೊಸ ಆಯುಧ ಮಾಡಿಸಿಕೊಳ್ಳಿ. ಲೋಹದ ಹೆಸರನ್ನೇ ಮೈಲಿಗಲ್ಲಾಗಿ ಇಟ್ಟುಕೊಳ್ಳಬಹುದು: 14ರವರೆಗೆ ಕಬ್ಬಿಣ, 16ರಿಂದ ಉಕ್ಕು, 26ರಿಂದ ಒರಿಕ್ಯಾಲ್ಕಮ್, 36ರಿಂದ ಡ್ವಾರ್ವನ್, 46ರಿಂದ ಎಬೊನಿ. ಲೋಹ ಬದಲಾದಾಗ ಆಯುಧವೂ ಬದಲಾಗಲಿ. ಸಾಮಗ್ರಿ ಕಡಿಮೆ ಇದ್ದರೆ ಕವಚ ಹಳೆಯದೇ ಇರಲಿ, ಆಯುಧವನ್ನು ಮೊದಲು ಬದಲಿಸಿ. ಒಂದೇ ವಸ್ತುವಿನಿಂದ ಹೊಡೆತಕ್ಕೆ ಇಷ್ಟು ಲಾಭ ಬೇರೆಲ್ಲೂ ಸಿಗದು. ದರ್ಜೆಯನ್ನು ಬಣ್ಣದಿಂದ ಗುರುತಿಸುತ್ತಾರೆ, ಕೆಳಗಿನ ಹಸಿರು ಅಥವಾ ನೀಲಿ ಸಾಕು. ಎಲ್ಲಕ್ಕಿಂತ ಮೇಲಿನ ಚಿನ್ನದ ದರ್ಜೆಗೆ ಏರಿಸಲು, ಕೌಶಲ ಪೂರ್ತಿ ಕಲಿತವರಿಗೂ, ಟೆಂಪರಿಂಗ್ ಅಲಾಯ್ ಎಂಬ ದುಬಾರಿ ಸಾಮಗ್ರಿ ಎಂಟು ಬೇಕು. ಹತ್ತು ಲೆವೆಲ್ ಬಾಳುವ ಕತ್ತಿಗೆ ಅದನ್ನು ಸುರಿಯುವುದು ಕಣ್ಣಿಗೆ ಕಂಡ ನಷ್ಟ. ಹಳೆಯದನ್ನು ಮೂಲೆಗೆ ಎಸೆಯಬೇಡಿ, ಬಿಡಿಸಿದರೆ ಒಂದಿಷ್ಟು ಲೋಹ ವಾಪಸು ಬರುತ್ತದೆ.

50ರ ನಂತರ ಲೆವೆಲ್ ಬದಲು ಚಾಂಪಿಯನ್ ಅಂಕಗಳ ಲೆಕ್ಕ ಶುರುವಾಗುತ್ತದೆ. 160 ಅಂಕದ ಆಯುಧವೇ ತುತ್ತತುದಿ, ಅದರ ಲೋಹ ರುಬೆಡೈಟ್. 150ರ ಆಯುಧಕ್ಕೂ ಅದೇ ಲೋಹ, ಆದರೆ 160ರದಕ್ಕೆ ಹತ್ತು ಪಟ್ಟು ಹೆಚ್ಚು ಬೇಕು. ಬಲದ ವ್ಯತ್ಯಾಸ ಮಾತ್ರ ಅಲ್ಪ. ಅಭ್ಯಾಸಕ್ಕೆ, ಪ್ರಯೋಗಕ್ಕೆ 150ರದು ಧಾರಾಳವಾಗಿ ಸಾಕು. ಈ ಅಂಕಗಳು ಇಡೀ ಖಾತೆಗೆ ಸೇರಿದವು. ಆದ್ದರಿಂದ ಎರಡನೆಯ ಪಾತ್ರ 50 ಮುಟ್ಟಿದ ದಿನವೇ ತುತ್ತತುದಿಯ ಆಯುಧ ಹಿಡಿಯಬಹುದು. ಚಿನ್ನದ ದರ್ಜೆಗೆ ಖರ್ಚು ಮಾಡಬೇಕಾದದ್ದು ಅಲ್ಲಿ. ಚಿನ್ನದ ದರ್ಜೆಯ 160ರ ಎರಡು ಕೈ ಕತ್ತಿಯ ಹೊಡೆತದ ಅಂಕಿ 1,571. ಅದನ್ನು ಹಿಂದಿಕ್ಕುವ ಲೆವೆಲ್ ಇಲ್ಲದ ಕಾರಣ ಅದು ಮುದಿಯಾಗುವುದಿಲ್ಲ.

'ಗಿಲ್ಡ್ ವಾರ್ಸ್ 2' ಇದೇ ಸಮಸ್ಯೆಯನ್ನು ಇನ್ನೊಂದು ತುದಿಯಿಂದ ಹಿಡಿಯಿತು. ಅಲ್ಲಿ ಕೆಳಗಿನ ಪ್ರದೇಶಕ್ಕೆ ಹೋದರೆ ಪಾತ್ರವೇ ಆ ಮಟ್ಟಕ್ಕೆ ಇಳಿಯುತ್ತದೆ, ಆಯುಧದ ಬಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಒಳ್ಳೆಯ ಆಯುಧ ಇಳಿದ ಮೇಲೂ ಒಳ್ಳೆಯದಾಗಿಯೇ ಉಳಿಯುತ್ತದೆ. ನನಗೆ ಅತಿ ಪ್ರಿಯವಾದ ಸಂಗತಿ ಬೇರೆ. 2012ರಲ್ಲಿ ಆಟ ಬಂದಾಗ ಗರಿಷ್ಠ ಲೆವೆಲ್ 80 ಇತ್ತು, ಇಂದೂ 80. 2013ರಲ್ಲಿ ಬಲದಲ್ಲಿ ಅತ್ಯುನ್ನತವಾದ ಅಸೆಂಡೆಡ್ ದರ್ಜೆಯ ಆಯುಧಗಳು ಬಂದವು. ಅವನ್ನು ಮಾಡಲು ಕಸುಬಿನಲ್ಲಿ 500ರ ಮಟ್ಟಕ್ಕೆ ಏರಬೇಕು. ಆ ವರ್ಷ ಬೆವರು ಸುರಿಸಿ ಕತ್ತಿ ಮಾಡಿಕೊಂಡವನು ಇಂದು ಅದನ್ನೇ ಹಿಡಿದು ಅತ್ಯಂತ ಕಠಿಣ ಕಾಳಗಕ್ಕೆ ಇಳಿಯಬಹುದು, ಅಂಕಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಕಸುಬುದಾರನಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ.

ಪ್ರತಿ ಹೊಸ ಅಧ್ಯಾಯದಲ್ಲೂ ಆಯುಧಗಳ ಮಟ್ಟವನ್ನು ಏರಿಸುತ್ತ ಹೋಗುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ ಆ ದಾರಿ ಒಗ್ಗದು. ಅದು 2022ರ 'ಡ್ರ್ಯಾಗನ್‌ಫ್ಲೈಟ್'ನಲ್ಲಿ ಇನ್ನೊಂದು ದಾರಿ ಹಿಡಿಯಿತು. ಒಮ್ಮೆ ಮಾಡಿದ ಆಯುಧವನ್ನು ಮತ್ತೆ ಕಸುಬುದಾರನ ಕೈಗೆ ಕೊಟ್ಟು, ಹೊಸ ಸಾಮಗ್ರಿ ಸೇರಿಸಿ, ಮೇಲ್ಮಟ್ಟಕ್ಕೆ ತರಬಹುದು. ಮೊಂಡಾದ ಕುಡುಗೋಲನ್ನು ಕುಲುಮೆಗೆ ಒಯ್ದು ಹಣಿಸಿಕೊಂಡು ಬಂದ ಹಾಗೆ.

ನಾವೂ ಕೊನೆಗೆ ಇದಕ್ಕೆ ಹತ್ತಿರದ ಪರಿಹಾರವನ್ನೇ ಹಿಡಿದೆವು. ಆಯುಧ ತಾನಾಗಿ ಪಾತ್ರದ ಜೊತೆ ಬೆಳೆಯಲಿ ಎಂಬ ಸಲಹೆ ತಂಡದಲ್ಲಿ ಬಂದಿತ್ತು, ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಜೀವಮಾನಕ್ಕೆ ಒಂದೇ ಬಿಲ್ಲು ಸಾಕು, ಬಿಲ್ಲು ಮಾಡುವವನ ಅಂಗಡಿಗೆ ಎರಡನೆಯ ಸಲ ಯಾರೂ ಬರುವುದಿಲ್ಲ. ಬದಲಿಗೆ, ಹಳೆಯ ಆಯುಧವನ್ನು ಮಾಡಿದವನ ಬಳಿಗೇ ತಂದರೆ ಹೊಸದಕ್ಕೆ ಬೇಕಾಗುವ ಸಾಮಗ್ರಿಯ ಮೂರನೇ ಒಂದು ಪಾಲಿನಲ್ಲಿ ಈಗಿನ ಲೆವೆಲ್‌ಗೆ ಏರಿಸಿಕೊಡುವ ವ್ಯವಸ್ಥೆ ಮಾಡಿದೆವು. ಆಯುಧ ಐದು ಲೆವೆಲ್ ಹಿಂದೆ ಬಿದ್ದರೆ ಅದರ ಚಿತ್ರದ ಅಂಚು ಮಂಕಾಗುವಂತೆಯೂ ಮಾಡಿದೆವು. ಐದನೆಯ ಬಾಣದ ಹೊತ್ತಿಗಿಂತ ಮೊದಲೇ ಆಟಗಾರರಿಗೆ ಸುಳಿವು ಸಿಗಲಿ ಎಂದು.

ಮುಂದಿನ ಪರೀಕ್ಷೆಗೆ ಆ ವಿದ್ಯಾರ್ಥಿನಿ ಮತ್ತೆ ಬಂದಳು, ಅಣ್ಣ ಪಕ್ಕದ ಕುರ್ಚಿಯಲ್ಲಿದ್ದ. ಪಾತ್ರ ಈಗ 34ನೇ ಲೆವೆಲ್. ಅದೇ ಬಿಲ್ಲು, ಎರಡು ಸಲ ಅವನ ಕೈಗೆ ಹೋಗಿ ಬಂದದ್ದು, ಕೆಳಗೆ ಅವನ ಪಾತ್ರದ ಹೆಸರು ಹಾಗೆಯೇ ಇತ್ತು. ಅವಳು ತೋಳವನ್ನು ಹುಡುಕಿಕೊಂಡು ಹೋಗಿ ಬಾಣ ಬಿಟ್ಟಳು. ಅಣ್ಣ ಮೆಲ್ಲಗೆ ಎಣಿಸುತ್ತಿದ್ದ. ನಾಲ್ಕನೆಯದಕ್ಕೆ ತೋಳ ಬಿತ್ತು.